ಕೋಶಿಯೆನ್: ಕಪ್ಪು ಮಣ್ಣು, ಎಳೆಯ ಭುಜ

ಸೈರನ್ ಕೂಗಿತು. ಹಿಂದೆ ನಮ್ಮೂರುಗಳಲ್ಲಿ ಕಾರ್ಖಾನೆಯ ಪಾಳಿ ಬದಲಾಗುವಾಗ ಕೇಳುತ್ತಿತ್ತಲ್ಲ, ಅಂಥದೇ ಉದ್ದನೆಯ ಕೂಗು. ಅದು ನಿಲ್ಲುವ ಮೊದಲೇ ಮೈದಾನದ ನಡುವಿನ ಮಣ್ಣಿನ ದಿಬ್ಬದ ಮೇಲಿದ್ದ ಹುಡುಗ ಎಡಗಾಲನ್ನು ಎದೆಮಟ್ಟಕ್ಕೆ ಎತ್ತಿ, ಮುಂದಕ್ಕೆ ಚಾಚಿ, ಬಲಗೈಯನ್ನು ತಲೆಯ ಹಿಂದಿನಿಂದ ಚಾಟಿಯಂತೆ ಬೀಸಿದ. ಚೆಂಡು ಹೋದದ್ದು ನನಗೆ ಕಾಣಲೇ ಇಲ್ಲ. ಹಿಡಿಯುವವನ ಚರ್ಮದ ಗವಸಿನಲ್ಲಿ ಅದು 'ಫಟ್' ಎಂದದ್ದು ಮಾತ್ರ ಕೇಳಿಸಿತು. ಪಕ್ಕದ ಸೀಟಿನಲ್ಲಿದ್ದ ಹಿರಿಯರೊಬ್ಬರು ತೊಡೆಯ ಮೇಲೆ ಇಟ್ಟುಕೊಂಡಿದ್ದ ಪುಸ್ತಕದಲ್ಲಿ ಪೆನ್ಸಿಲಿನಿಂದ ಒಂದು ಸಣ್ಣ ಗೀಟು ಎಳೆದರು.

ಇದು 2024ರ ಆಗಸ್ಟ್ ತಿಂಗಳ ಮಾತು. ಮಗಳು ಜಪಾನಿನ ಒಸಾಕಾ ನಗರದಲ್ಲಿ ಕೆಲಸದಲ್ಲಿದ್ದಾಳೆ. ಹದಿನೈದು ದಿನ ರಜೆ ಹಾಕಿ ಹೋದವನಿಗೆ ಅವಳು ಹೇಳಿದ್ದು ಒಂದೇ ಮಾತು: "ಕೋಟೆ, ದೇವಸ್ಥಾನ ಎಲ್ಲ ಆಮೇಲೆ ಅಪ್ಪ. ಮೊದಲು ಹೈಸ್ಕೂಲು ಹುಡುಗರ ಬೇಸ್‌ಬಾಲ್ ನೋಡಿ ಬರೋಣ. ನೀವು ಮೇಷ್ಟ್ರು, ನಿಮಗೆ ಬೇಕಾದ್ದು ಅಲ್ಲಿದೆ." ಬೇಸ್‌ಬಾಲ್ ಎಂದರೆ ಏನೆಂದು ನನಗೆ ಸರಿಯಾಗಿ ಗೊತ್ತಿರಲಿಲ್ಲ. ಆದರೂ ಹೊರಟೆ.

ಒಸಾಕಾದ ಉಮೆದಾ ನಿಲ್ದಾಣದಲ್ಲಿ ಹಾನ್ಷಿನ್ ಕಂಪನಿಯ ರೈಲು ಹತ್ತಿದರೆ ಕಾಲು ಗಂಟೆಯೊಳಗೆ ಕೋಶಿಯೆನ್ ಬರುತ್ತದೆ. ಊರಿನ ಹೆಸರು ನಿಶಿನೊಮಿಯಾ. ನಿಲ್ದಾಣದಿಂದ ಹೊರಬಂದರೆ ಎದುರಿಗೇ ಕ್ರೀಡಾಂಗಣ. ಹೊರಗೋಡೆಯ ಮೇಲೆ ಹಸಿರು ಬಳ್ಳಿ ಹಬ್ಬಿದೆ. ದುರಸ್ತಿಗಾಗಿ ಹಳೆಯ ಬಳ್ಳಿಯನ್ನು ತೆಗೆದಾಗ, ಅದರದೇ ಸಂತಾನವನ್ನು ದೇಶದ ಹೈಸ್ಕೂಲುಗಳು ತಮ್ಮ ಅಂಗಳದಲ್ಲಿ ಬೆಳೆಸಿ ಇಲ್ಲಿಗೆ ಮರಳಿ ಕೊಟ್ಟವಂತೆ. ಕ್ರೀಡಾಂಗಣ ಆರಂಭವಾದದ್ದು 1924ರ ಆಗಸ್ಟ್ 1ರಂದು. ಪ್ರಭವ, ವಿಭವ ಎಂದು ನಾವು ಅರವತ್ತು ಸಂವತ್ಸರಗಳನ್ನು ಎಣಿಸುವಂತೆ ಪೂರ್ವ ಏಷ್ಯದಲ್ಲೂ ಅರವತ್ತು ವರ್ಷಗಳ ಒಂದು ಚಕ್ರವಿದೆ. ಅದರ ಮೊದಲ ವರ್ಷಕ್ಕೆ 'ಕೋಶಿ' ಎಂದು ಹೆಸರು. 1924 ಅಂಥ ವರ್ಷವಾಗಿತ್ತು. ಹೀಗಾಗಿ ಇದು ಕೋಶಿಯೆನ್, ಅಂದರೆ ಕೋಶಿ ವರ್ಷದ ಉದ್ಯಾನ. ನಾನು ಹೋದಾಗ ಅದಕ್ಕೆ ಸರಿಯಾಗಿ ನೂರು ವರ್ಷ ತುಂಬಿತ್ತು.

ಸೋತರೆ ಮನೆಗೆ

ಪ್ರತಿ ಬೇಸಿಗೆಯಲ್ಲಿ ಇಲ್ಲಿ ಅಖಿಲ ಜಪಾನ್ ಹೈಸ್ಕೂಲು ಬೇಸ್‌ಬಾಲ್ ಪಂದ್ಯಾವಳಿ ನಡೆಯುತ್ತದೆ. 1915ರಲ್ಲಿ ಬೇರೆಡೆ ಶುರುವಾದ ಪಂದ್ಯಾವಳಿ 1924ರಲ್ಲಿ ಇಲ್ಲಿಗೆ ಬಂತು. ದೇಶದ ಸುಮಾರು ಮೂರೂವರೆ ಸಾವಿರ ತಂಡಗಳು ತಂತಮ್ಮ ಪ್ರಾಂತಗಳಲ್ಲಿ ಸೆಣಸಿ, ಕೊನೆಗೆ 49 ತಂಡಗಳು ಕೋಶಿಯೆನ್ ಮಣ್ಣನ್ನು ತುಳಿಯುತ್ತವೆ. ಒಂದು ಪಂದ್ಯ ಸೋತರೆ ಅಷ್ಟೆ, ಮನೆಗೆ. ಎರಡನೆಯ ಅವಕಾಶ ಇಲ್ಲ. ಗೆದ್ದವರ ಶಾಲೆಯ ಗೀತೆ ಮೈದಾನದಲ್ಲಿ ಮೊಳಗುತ್ತದೆ. ಸೋತವರು ಮೊಣಕಾಲೂರಿ ಅಂಗಳದ ಕಪ್ಪು ಮಣ್ಣನ್ನು ಬೊಗಸೆಯಲ್ಲಿ ಬಾಚಿ ಚೀಲಕ್ಕೆ ತುಂಬಿಕೊಂಡು ಹೋಗುತ್ತಾರೆ. ಅದನ್ನು ಅವರು ಜೀವಮಾನವಿಡೀ ಜೋಪಾನ ಮಾಡುತ್ತಾರಂತೆ.

ಬೇಸ್‌ಬಾಲಿನಲ್ಲಿ ಚೆಂಡು ಎಸೆಯುವವನಿಗೆ ಪಿಚರ್ ಎನ್ನುತ್ತಾರೆ. ನಮ್ಮ ಕ್ರಿಕೆಟ್ಟಿನಲ್ಲಿ ಆರು ಚೆಂಡುಗಳ ನಂತರ ಬೌಲರ್ ಬದಲಾಗುತ್ತಾನೆ. ಇಲ್ಲಿ ಹಾಗಿಲ್ಲ. ತರಬೇತುದಾರ ಬದಲಿಸುವವರೆಗೂ ಒಬ್ಬನೇ ಎಸೆಯುತ್ತಿರಬೇಕು. ಇಡೀ ಪಂದ್ಯವನ್ನು ಒಬ್ಬನೇ ಎಸೆದರೆ ನೂರು, ನೂರಿಪ್ಪತ್ತು, ಕೆಲವೊಮ್ಮೆ ಇನ್ನೂ ಹೆಚ್ಚು ಎಸೆತಗಳಾಗುತ್ತವೆ. ಸೋತರೆ ಮನೆಗೆ ಎಂಬ ನಿಯಮ, ಶಾಲೆಗೆ ಒಬ್ಬನೇ ಉತ್ತಮ ಪಿಚರ್ ಇರುವ ವಾಸ್ತವ, ಇವೆರಡೂ ಸೇರಿದಾಗ ಏನಾಗುತ್ತದೆ ಎಂಬುದನ್ನು ನೀವೇ ಊಹಿಸಬಹುದು. ಎಲ್ಲ ಪಂದ್ಯಗಳ ಭಾರವೂ ಒಬ್ಬ ಹದಿನೇಳು ವರ್ಷದ ಹುಡುಗನ ಒಂದು ಭುಜದ ಮೇಲೆ ಬೀಳುತ್ತದೆ.

ನಿಂಬೆಹಣ್ಣು ಮತ್ತು ಚಮಚ

ಆ ಭುಜದ ಸಂಗತಿ ಸ್ವಲ್ಪ ನೋಡೋಣ. ನಮ್ಮ ತೊಡೆಯ ಕೀಲು ಒರಳಿನಲ್ಲಿ ಕೂತ ರುಬ್ಬುಗುಂಡಿನಂತೆ ಆಳವಾಗಿ, ಭದ್ರವಾಗಿ ಕುಳಿತಿರುತ್ತದೆ. ಭುಜದ ಕೀಲು ಹಾಗಲ್ಲ. ಶಾಲೆಯ ಕ್ರೀಡಾಕೂಟದ ನಿಂಬೆ–ಚಮಚ ಓಟ ನೆನಪಿಸಿಕೊಳ್ಳಿ. ತೋಳಿನ ಮೂಳೆಯ ದುಂಡನೆಯ ತಲೆ ನಿಂಬೆಹಣ್ಣು, ಹೆಗಲೆಲುಬಿನ ಆಳವಿಲ್ಲದ ಗುಳಿಯೇ ಚಮಚ. ಹಣ್ಣು ಬೀಳದಂತೆ ಹಿಡಿದಿರುವುದು ಸುತ್ತಲಿನ ನಾಲ್ಕು ಸಣ್ಣ ಸ್ನಾಯುಗಳು, ಒಂದಿಷ್ಟು ರಜ್ಜುಗಳು ಮತ್ತು ಗುಳಿಯ ಅಂಚಿಗೆ ಬಳೆಯಂತೆ ಕಟ್ಟಿರುವ ಮೃದ್ವಸ್ಥಿ. ಪ್ರಕೃತಿ ಇಲ್ಲಿ ಭದ್ರತೆಯನ್ನು ಬಿಟ್ಟುಕೊಟ್ಟು ಸಡಿಲವನ್ನು ಪಡೆದಿದೆ. ಆದ್ದರಿಂದಲೇ ನಮ್ಮ ಕೈ ಎಲ್ಲ ದಿಕ್ಕಿಗೂ ತಿರುಗುತ್ತದೆ.

ಮನೆಯಲ್ಲೇ ಒಂದು ಪ್ರಯೋಗ ಮಾಡಿ. ಅಂಗಾತ ಮಲಗಿ, ತೋಳನ್ನು ಪಕ್ಕಕ್ಕೆ ನೇರವಾಗಿ ಚಾಚಿ, ಮೊಣಕೈ ಮಡಚಿ ಮುಂಗೈಯನ್ನು ಸೂರಿನ ಕಡೆ ನಿಲ್ಲಿಸಿ. ಈಗ ಮುಂಗೈಯನ್ನು ನಿಧಾನವಾಗಿ ತಲೆಯ ದಿಕ್ಕಿಗೆ ನೆಲಕ್ಕೆ ಬಾಗಿಸಿ. ಇದು ಭುಜದ ಹೊರತಿರುವು. ನಮ್ಮ ನಿಮ್ಮಂಥವರಲ್ಲಿ ಇದು ಸುಮಾರು 90 ಡಿಗ್ರಿ, ಅಂದರೆ ಮುಂಗೈ ನೆಲ ಮುಟ್ಟುವಷ್ಟಕ್ಕೆ ನಿಲ್ಲುತ್ತದೆ. ಕಾಲಿನ ದಿಕ್ಕಿಗೆ ಬಾಗಿಸಿದರೆ ಒಳತಿರುವು. ನುರಿತ ಪಿಚರ್‌ನ ಎಸೆಯುವ ಕೈ ಹೊರಕ್ಕೆ ನಮಗಿಂತ ಬಹಳ ಹೆಚ್ಚು ತಿರುಗುತ್ತದೆ, ಆದರೆ ಒಳಕ್ಕೆ ಅಷ್ಟೇ ಕಡಿಮೆ. ಎರಡನ್ನೂ ಕೂಡಿಸಿದರೆ ಆರೋಗ್ಯವಂತ ಪಿಚರ್‌ನ ಎರಡೂ ಭುಜಗಳ ಒಟ್ಟು ತಿರುವು ಹೆಚ್ಚುಕಡಿಮೆ ಸಮನಾಗಿಯೇ ಇರುತ್ತದೆ. ಒಂದು ಕಡೆ ಬಂದ ಲಾಭ ಇನ್ನೊಂದು ಕಡೆ ಖರ್ಚಿಗೆ ಬಿದ್ದಿರುತ್ತದೆ.

ಎಸೆಯುವ ಗಳಿಗೆಯಲ್ಲಿ, ಬೆನ್ನಿನ ಬಾಗು ಮತ್ತು ಹೆಗಲೆಲುಬಿನ ಚಲನೆಯೂ ಸೇರಿ, ಮುಂಗೈ 170ರಿಂದ 180 ಡಿಗ್ರಿಯವರೆಗೆ ಹಿಂದಕ್ಕೆ ಹೋಗುತ್ತದೆ. ನಿಂತ ಮನುಷ್ಯನ ಮುಂಗೈ ತಲೆಯ ಹಿಂದೆ ನೆಲಕ್ಕೆ ಸಮಾನಾಂತರವಾಗಿ ಮಲಗಿಬಿಡುತ್ತದೆ! ಆಗ ಭುಜದ ರಜ್ಜುಗಳು ಕ್ಯಾಟರ್‌ಬಿಲ್ಲಿನ ರಬ್ಬರಿನಂತೆ ಬಿಗಿದಿರುತ್ತವೆ. ಬಿಟ್ಟೊಡನೆ ತೋಳು ಒಳಕ್ಕೆ ತಿರುಗುವ ವೇಗ ಸೆಕೆಂಡಿಗೆ 7000 ಡಿಗ್ರಿಗೂ ಹೆಚ್ಚು. ಮನುಷ್ಯದೇಹದಲ್ಲಿ ಅಳೆದಿರುವ ಅತಿ ವೇಗದ ಚಲನೆಗಳಲ್ಲಿ ಇದೂ ಒಂದು. ಲೆಕ್ಕ ಹಾಕಿದರೆ ನಿಮಿಷಕ್ಕೆ 1100 ಸುತ್ತಿಗೂ ಮೀರುತ್ತದೆ. ಮನೆಯ ಸೀಲಿಂಗ್ ಫ್ಯಾನ್ ಪೂರ್ತಿ ವೇಗದಲ್ಲಿ ತಿರುಗುವುದು ನಿಮಿಷಕ್ಕೆ ಮುನ್ನೂರೈವತ್ತು–ನಾನೂರು ಸುತ್ತು ಮಾತ್ರ. ಆದರೆ ಫ್ಯಾನು ಗಂಟೆಗಟ್ಟಲೆ ತಿರುಗುತ್ತದೆ, ಭುಜದ ಈ ತಿರುವು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದೊಳಗೆ ಮುಗಿದುಹೋಗುತ್ತದೆ.

ಇಷ್ಟು ಶಕ್ತಿ ಭುಜದಲ್ಲೇ ಹುಟ್ಟುವುದಿಲ್ಲ. ಬಾರುಕೋಲನ್ನು ನೋಡಿ: ಕೈಯಲ್ಲಿ ಹಿಡಿದ ದಪ್ಪ ಕೋಲು ನಿಧಾನವಾಗಿ ಚಲಿಸುತ್ತದೆ, ತುದಿಯ ತೆಳು ಬಾರು ಛಟೀರೆನ್ನುತ್ತದೆ. ಪಿಚರ್ ನೆಲವನ್ನು ಒದ್ದ ಬಲ ಕಾಲಿನಿಂದ ಸೊಂಟಕ್ಕೆ, ಸೊಂಟದಿಂದ ಎದೆಗೆ, ಎದೆಯಿಂದ ಭುಜಕ್ಕೆ, ಮೊಣಕೈಗೆ, ಬೆರಳ ತುದಿಗೆ ಸಾಗುತ್ತದೆ. ಹಿಂದಿನದು ನಿಂತಾಗ ಮುಂದಿನದು ಹಾರುತ್ತದೆ. ಗಂಟೆಗೆ 150 ಕಿಲೋಮೀಟರ್ ವೇಗದ ಚೆಂಡು ಬ್ಯಾಟಿನವನನ್ನು ತಲುಪಲು ಸುಮಾರು 0.4 ಸೆಕೆಂಡು ಸಾಕು. ದಿಬ್ಬದಿಂದ ಅವನಿಗಿರುವ ದೂರ 18.44 ಮೀಟರ್. ಕಾಲು, ಸೊಂಟಗಳು ದಣಿದು ಸರಪಳಿಯ ಒಂದು ಕೊಂಡಿ ಸೋತರೆ ಅದರ ಪಾಲಿನ ಕೆಲಸವೂ ಭುಜದ ತಲೆಗೇ ಬರುತ್ತದೆ.

ಚೆಂಡು ಬಿಟ್ಟ ಮೇಲೆ ಇನ್ನೂ ಕಷ್ಟ. ಅಷ್ಟು ವೇಗದ ತೋಳನ್ನು ನಿಲ್ಲಿಸಬೇಕಲ್ಲ! ಆ ಗಳಿಗೆಯಲ್ಲಿ ತೋಳು ಕೀಲಿನಿಂದ ಕಿತ್ತುಹೋಗದಂತೆ ಭುಜ ಹಿಡಿದಿಡಬೇಕಾದ ಬಲ, ವಯಸ್ಕ ಪಿಚರ್‌ಗಳಲ್ಲಿ, ಅವರ ದೇಹದ ತೂಕಕ್ಕೆ ಸಮ ಅಥವಾ ಹೆಚ್ಚು. ಆ ನಾಲ್ಕು ಸಣ್ಣ ಸ್ನಾಯುಗಳು ಪ್ರತಿ ಎಸೆತಕ್ಕೂ ಈ ಜಗ್ಗಾಟಕ್ಕೆ ಸಿಗುತ್ತವೆ. ಒಂದು ಪಂದ್ಯ ಎಸೆದ ಭುಜವನ್ನು ಮರುದಿನ ಅಳೆದರೂ ಒಳತಿರುವು ಸುಮಾರು ಹತ್ತು ಡಿಗ್ರಿ ಕಡಿಮೆಯಾಗಿರುವುದನ್ನು ಸಂಶೋಧಕರು ಕಂಡಿದ್ದಾರೆ. ವಿಶ್ರಾಂತಿ ಕೊಟ್ಟು, ಅಂಗಸಾಧನೆ ಮಾಡಿಸಿದರೆ ಅದು ಮರಳುತ್ತದೆ. ಮರಳುವ ಮೊದಲೇ ಮತ್ತೆ ಎಸೆಯುತ್ತ ಹೋದರೆ ಒಟ್ಟು ತಿರುವೇ ಕುಗ್ಗಿ ಗಾಯಕ್ಕೆ ದಾರಿಯಾಗುತ್ತದೆ.

ತಿರುಚಿಕೊಂಡೇ ಉಳಿಯುವ ಮೂಳೆ

ಈ ಹೆಚ್ಚುವರಿ ಹೊರತಿರುವು ಎಲ್ಲಿಂದ ಬರುತ್ತದೆ? ರಜ್ಜುಗಳು ಸಡಿಲವಾಗುವುದರಿಂದ ಎಂದು ಮೊದಲು ಭಾವಿಸಿದ್ದರು. ಅದು ಅರ್ಧ ಸತ್ಯ. ಉಳಿದರ್ಧ ಮೂಳೆಯಲ್ಲೇ ಇದೆ. ಹುಟ್ಟುವಾಗ ತೋಳಿನ ಮೂಳೆಯ ತಲೆ ಸಾಕಷ್ಟು ಹಿಂದಕ್ಕೆ ತಿರುಚಿಕೊಂಡಿರುತ್ತದೆ. ಬೆಳೆಯುತ್ತ ಬೆಳೆಯುತ್ತ ಆ ತಿರುಚು ಬಿಚ್ಚಿಕೊಳ್ಳುತ್ತದೆ. ಎಳವೆಯಿಂದ ಎಸೆಯುತ್ತ ಬಂದ ಮಕ್ಕಳಲ್ಲಿ ಎಸೆಯುವ ತೋಳಿನ ಮೂಳೆ ಪೂರ್ತಿ ಬಿಚ್ಚಿಕೊಳ್ಳುವುದೇ ಇಲ್ಲ. ಎರಡು ತೋಳಿಗೂ ಹತ್ತು ಡಿಗ್ರಿ, ಕೆಲವೊಮ್ಮೆ ಅದಕ್ಕೂ ಹೆಚ್ಚು ವ್ಯತ್ಯಾಸ ಉಳಿದುಬಿಡುತ್ತದೆ. ಮೂಳೆ ಕೆಲಸಕ್ಕೆ ತಕ್ಕಂತೆ ಬೆಳೆದಿದೆ!

ಇದು ಸಾಧ್ಯವಾಗುವುದು ಮೂಳೆಯ ತುದಿಯಲ್ಲಿ ಬೆಳವಣಿಗೆಯ ಮೃದ್ವಸ್ಥಿಯ ಪಟ್ಟಿ ಇನ್ನೂ ತೆರೆದಿರುವ ವಯಸ್ಸಿನಲ್ಲಿ ಮಾತ್ರ. ಭುಜದ ಆ ಪಟ್ಟಿ ಹದಿನಾರು ದಾಟಿದ ಮೇಲೂ, ಕೆಲವರಲ್ಲಿ ಇಪ್ಪತ್ತರ ಹತ್ತಿರದವರೆಗೂ ಮುಚ್ಚಿರುವುದಿಲ್ಲ. ವಿಪರ್ಯಾಸ ಇರುವುದೇ ಇಲ್ಲಿ. ಭುಜವನ್ನು ಎಸೆತಕ್ಕೆ ಹದಗೊಳಿಸುವುದೂ ಅದೇ ಪಟ್ಟಿ, ಅತಿಯಾದರೆ ಮೊದಲು ಸೋಲುವುದೂ ಅದೇ ಪಟ್ಟಿ. ಅದು ಅಗಲವಾಗಿ, ನೋವಾಗಿ, ಹುಡುಗ ತಿಂಗಳುಗಟ್ಟಲೆ ಚೆಂಡು ಮುಟ್ಟದಂತಾಗುವ ತೊಂದರೆಯನ್ನು ಅಮೆರಿಕದಲ್ಲಿ ಮಕ್ಕಳ ಬೇಸ್‌ಬಾಲ್ ಕೂಟದ ಹೆಸರಿನಿಂದಲೇ 'ಲಿಟ್ಲ್ ಲೀಗ್ ಭುಜ' ಎಂದು ಕರೆಯುತ್ತಾರೆ. ಅಮೆರಿಕದ ಎಳೆಯ ಪಿಚರ್‌ಗಳನ್ನು ಹತ್ತು ವರ್ಷ ಹಿಂಬಾಲಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ವರ್ಷಕ್ಕೆ ನೂರು ಇನಿಂಗ್ಸ್‌ಗಿಂತ ಹೆಚ್ಚು ಎಸೆದವರಿಗೆ ದೊಡ್ಡ ಗಾಯವಾಗುವ ಸಂಭವ ಉಳಿದವರಿಗಿಂತ ಮೂರೂವರೆ ಪಟ್ಟು ಎಂದು ಹೇಳಿತು.

ಎಣಿಸದ ಕಾಲ

ಐದನೆಯ ಇನಿಂಗ್ಸ್ ಮುಗಿದಾಗ ಆಟ ಹತ್ತು ನಿಮಿಷ ನಿಂತಿತು. ಬಿಸಿಲಿನ ತಾಪಕ್ಕಾಗಿ 2023ರಿಂದ ತಂದಿರುವ ವ್ಯವಸ್ಥೆ. ಪ್ಲಾಸ್ಟಿಕ್ ಚೀಲದಲ್ಲಿ ಒಡೆದ ಮಂಜುಗಡ್ಡೆ ಮಾರುವವರು ಬಂದರು. ನಾವೂ ಕೊಂಡು ಕತ್ತಿಗೆ ಒತ್ತಿಕೊಂಡೆವು. ಆಗ ಮಗಳ ಮೂಲಕ ಪಕ್ಕದ ಹಿರಿಯರನ್ನು ಮಾತಿಗೆಳೆದೆ. ಅವರ ಪುಸ್ತಕದ ಗೀಟುಗಳು ಎಸೆತಗಳ ಲೆಕ್ಕ. ಐದೈದರ ಗುಂಪು, ನಾವು ಭತ್ತ ಅಳೆಯುವಾಗ ಗೋಡೆಯ ಮೇಲೆ ಎಳೆಯುತ್ತಿದ್ದ ಹಾಗೆಯೇ. "ಅರವತ್ತೆಂಟು," ಎಂದರು. ಯಾಕೆ ಎಣಿಸುತ್ತೀರಿ ಎಂದು ಕೇಳಿಸಿದೆ. ಅವರು ನಕ್ಕು ಬಲಗೈ ಎತ್ತಿದರು. ಅದು ಕಿವಿಯ ಮಟ್ಟಕ್ಕೆ ಬಂದು ನಿಂತಿತು. "ನಾನೂ ಶಾಲೆಯ ಪಿಚರ್ ಆಗಿದ್ದೆ. ಆಗ ಯಾರೂ ಎಣಿಸುತ್ತಿರಲಿಲ್ಲ ಅಂತಿದ್ದಾರೆ ಅಪ್ಪ," ಎಂದಳು ಮಗಳು.

ಎಣಿಸದ ಕಾಲದ ಕಥೆಗಳು ಇಲ್ಲಿ ಪುರಾಣದಂತೆ ಉಳಿದಿವೆ. 1991ರಲ್ಲಿ ಒಕಿನಾವಾ ಸುಯಿಸಾನ್ ಶಾಲೆಯ ಓನೋ ರಿನ್ ಮೊಣಕೈ ನೋವಿನಲ್ಲೇ ಆರು ಪಂದ್ಯಗಳಲ್ಲಿ 773 ಚೆಂಡು ಎಸೆದ. ಫೈನಲ್‌ನಲ್ಲಿ ತಂಡ ಸೋತಿತು. ಪರೀಕ್ಷಿಸಿದರೆ ಮೊಣಕೈ ಮೂಳೆ ಮುರಿದಿತ್ತು. ಮುಂದೆ ಆತ ವೃತ್ತಿಪರ ಆಟಗಾರನಾದರೂ ಪಿಚರ್ ಆಗಿ ಅಲ್ಲ. ಅದಾದ ಮೇಲೆ ಪಂದ್ಯಾವಳಿಗೆ ಮೊದಲು ಪಿಚರ್‌ಗಳ ಭುಜ, ಮೊಣಕೈಗಳ ವೈದ್ಯಕೀಯ ತಪಾಸಣೆ ಬಂತು. ಆದರೂ 1998ರಲ್ಲಿ ಯೊಕೊಹಾಮಾ ಶಾಲೆಯ ಮತ್ಸುಜಾಕಾ ದೈಸುಕೆ ಒಂದೇ ಪಂದ್ಯದ 17 ಇನಿಂಗ್ಸ್‌ಗಳಲ್ಲಿ 250 ಎಸೆತ ಎಸೆದ. ಎರಡು ದಿನಗಳ ನಂತರ ಫೈನಲ್‌ನಲ್ಲಿ ಎದುರಾಳಿಗೆ ಒಂದು ಹಿಟ್ಟನ್ನೂ ಬಿಟ್ಟುಕೊಡಲಿಲ್ಲ. ದೇಶವೇ ಕುಣಿಯಿತು.

2006ರಲ್ಲಿ ಸೈತೋ ಯೂಕಿ ಇಡೀ ಪಂದ್ಯಾವಳಿಯಲ್ಲಿ ಎಸೆದದ್ದು 948. ಆ ವರ್ಷದ ಫೈನಲ್ 15 ಇನಿಂಗ್ಸ್ ಆಡಿದರೂ ತೀರ್ಮಾನವಾಗದೆ ಮರುದಿನ ಮತ್ತೆ ನಡೆಯಿತು. ಎರಡೂ ದಿನ ಅವನೇ ಎಸೆದು ಗೆಲ್ಲಿಸಿದ. ವೃತ್ತಿಪರನಾದ ಮೇಲೆ 2012ರಲ್ಲಿ ಅವನ ಭುಜದ ಗುಳಿಯ ಅಂಚಿನ ಮೃದ್ವಸ್ಥಿಗೆ, ನಾನು ಮೇಲೆ ಹೇಳಿದ ಬಳೆಗೆ, ಗಾಯವಾಯಿತು. 15 ಗೆಲುವುಗಳೊಂದಿಗೆ 2021ರಲ್ಲಿ ನಿವೃತ್ತನಾದ. ಅದೇ ಫೈನಲ್‌ನಲ್ಲಿ ಸೋತ ತಂಡದ ಪಿಚರ್ ತನಾಕಾ ಮಸಹಿರೋ 2013ರ ಋತುವಿನಲ್ಲಿ 24 ಪಂದ್ಯ ಗೆದ್ದು ಒಂದನ್ನೂ ಸೋಲಲಿಲ್ಲ. ಹಾಗಾಗಿ ಶಾಲೆಯ ಎಸೆತಗಳೇ ಗಾಯಕ್ಕೆ ಕಾರಣ ಎಂದು ಒಬ್ಬೊಬ್ಬರ ವಿಷಯದಲ್ಲಿ ಬೆರಳಿಟ್ಟು ಹೇಳುವುದು ವಿಜ್ಞಾನವಲ್ಲ. ಒಂದು ಭುಜ ತಡೆದದ್ದನ್ನು ಇನ್ನೊಂದು ತಡೆಯಲಾರದು. ಯಾವ ಹುಡುಗನ ಭುಜ ಯಾವ ಬಗೆಯದು ಎಂದು ಮೊದಲೇ ತಿಳಿಯುವುದಿಲ್ಲವಾದ್ದರಿಂದಲೇ ಎಲ್ಲರಿಗೂ ಲೆಕ್ಕ ಬೇಕು.

ಆ ಲೆಕ್ಕ ಬಂದದ್ದು 2020ರಲ್ಲಿ: ಒಂದು ವಾರದಲ್ಲಿ ಒಬ್ಬನಿಗೆ 500 ಎಸೆತಗಳ ಮಿತಿ. ಅಮೆರಿಕದಲ್ಲಿ 2014ರ ಮಾರ್ಗಸೂಚಿ 17–18ರ ಹುಡುಗರಿಗೆ ದಿನಕ್ಕೆ 105 ಎನ್ನುತ್ತದೆ, ಜೊತೆಗೆ ಎಸೆತಗಳಿಗೆ ತಕ್ಕಷ್ಟು ದಿನಗಳ ವಿಶ್ರಾಂತಿಯನ್ನೂ ಕೇಳುತ್ತದೆ. ಅದರ ಪಕ್ಕದಲ್ಲಿಟ್ಟರೆ ಜಪಾನಿನ ಮಿತಿ ಉದಾರವೇ. ಆದರೂ ಎಣಿಸುವುದು ಹೇಡಿತನವಲ್ಲ ಎಂದು ಒಪ್ಪಿಕೊಂಡದ್ದೇ ಒಂದು ದೊಡ್ಡ ಹೆಜ್ಜೆ.

ಕೋಶಿಯೆನ್‌ಗೆ ಬಾರದ ಹುಡುಗ

ಈ ಬದಲಾವಣೆಯ ಚರ್ಚೆ ಬಿಸಿಯೇರಿದ್ದ ಹೊತ್ತಿನಲ್ಲೇ ಒಬ್ಬ ಹುಡುಗನ ಕಥೆ ನಡೆಯಿತು. ಈಶಾನ್ಯ ಜಪಾನಿನ ಒಫುನಾತೊ ಶಾಲೆಯ ಸಸಾಕಿ ರೋಕಿ 2011ರ ಸುನಾಮಿಯಲ್ಲಿ ತಂದೆಯನ್ನು ಕಳೆದುಕೊಂಡವನು. 2019ರಲ್ಲಿ, ಹದಿನೇಳರ ವಯಸ್ಸಿನಲ್ಲಿ, ಗಂಟೆಗೆ 163 ಕಿಲೋಮೀಟರ್ ವೇಗದಲ್ಲಿ ಎಸೆದು ದೇಶವನ್ನೇ ಬೆರಗುಗೊಳಿಸಿದ್ದ. ಆ ಜುಲೈ 25ರಂದು ಪ್ರಾಂತದ ಫೈನಲ್. ಗೆದ್ದರೆ ಕೋಶಿಯೆನ್. ಹಿಂದಿನ ದಿನ ಅವನು 129 ಎಸೆತ ಎಸೆದಿದ್ದ. ತರಬೇತುದಾರರು ಅವನನ್ನು ಅಂದು ಆಡಿಸಲೇ ಇಲ್ಲ. ತಂಡ 2–12ರಿಂದ ಸೋತಿತು. ಗಾಯವಾಗದಂತೆ ಕಾಯುವುದಕ್ಕೆ ಎಂದರು ತರಬೇತುದಾರರು. ಶಾಲೆಗೆ ದೂರವಾಣಿಯಲ್ಲಿ ಬೈಗುಳದ ಮಳೆಯೇ ಸುರಿಯಿತು.

2022ರ ಏಪ್ರಿಲ್ 10ರಂದು, ಇಪ್ಪತ್ತರ ಹರೆಯದಲ್ಲಿ, ಅದೇ ಸಸಾಕಿ ವೃತ್ತಿಪರ ಪಂದ್ಯವೊಂದರಲ್ಲಿ ಒಬ್ಬ ಎದುರಾಳಿಯೂ ಬೇಸ್ ಮುಟ್ಟದಂತೆ 105 ಎಸೆತಗಳಲ್ಲಿ ಆಟ ಮುಗಿಸಿದ. ವಾರದ ನಂತರದ ಪಂದ್ಯದಲ್ಲೂ ಎಂಟು ಇನಿಂಗ್ಸ್ ಹಾಗೆಯೇ ಎಸೆದಿದ್ದ. ಇನ್ನೊಂದು ಇನಿಂಗ್ಸ್ ಎಸೆದಿದ್ದರೆ ಮತ್ತೊಂದು ದಾಖಲೆ ಕೈಗೆಟಕುವಂತಿತ್ತು. 102 ಎಸೆತಗಳಾಗಿವೆ ಎಂದು ತಂಡದ ವ್ಯವಸ್ಥಾಪಕರು ಅವನನ್ನು ಕೂರಿಸಿದರು. ಇಷ್ಟೆಲ್ಲ ಕಾದರೂ ಭುಜ ಭುಜವೇ. 2025ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡ ಸೇರಿದ ಸಸಾಕಿ ಬಲಭುಜದ ತೊಂದರೆಯಿಂದ ತಿಂಗಳುಗಟ್ಟಲೆ ಹೊರಗುಳಿದು, ಋತುವಿನ ಕೊನೆಗೆ ಮರಳಿದ. ಎಣಿಸಿದ ಮಾತ್ರಕ್ಕೆ ಗಾಯ ಬಾರದೆಂದಲ್ಲ. ಎಣಿಸದಿದ್ದರೆ ಬರುವುದು ಯಾವಾಗ ಎಂಬುದೇ ತಿಳಿಯುವುದಿಲ್ಲ.

ನಾವು ನೋಡುತ್ತಿದ್ದ ಪಂದ್ಯದಲ್ಲಿ ಏಳನೆಯ ಇನಿಂಗ್ಸ್‌ಗೆ ಪಿಚರ್ ಬದಲಾದ. ಹಿರಿಯರು ಲೆಕ್ಕ ಕೂಡಿಸಿ 'ತೊಂಬತ್ತಾರು' ಎಂದು ತಲೆಯಾಡಿಸಿದರು. ಅವನ ತಂಡ ಗೆಲ್ಲಲಿಲ್ಲ. ಸೈರನ್ ಮತ್ತೆ ಕೂಗಿತು. ಹುಡುಗರು ಸಾಲಾಗಿ ನಿಂತು ತಲೆಬಾಗಿ, ಅಳುತ್ತ ಮಣ್ಣು ತುಂಬಿಕೊಳ್ಳತೊಡಗಿದರು. ಮೊದಲ ಪಿಚರ್ ಬಲಗೈಯಲ್ಲೇ ಬಾಚುತ್ತಿದ್ದ. ಆ ಕೈ ಸಲೀಸಾಗಿ ಆಡುತ್ತಿತ್ತು. ನಾನು ಅದನ್ನೇ ನೋಡುತ್ತ ಕುಳಿತೆ.

ಊರಿಗೆ ಬಂದ ಮೇಲೆ ಒಂದು ಸಂಜೆ ಶಾಲೆಯ ಮೈದಾನಕ್ಕೆ ಹೋದೆ. ನಮ್ಮದು ಕ್ರಿಕೆಟ್. ಬೌಲಿಂಗ್‌ನಲ್ಲಿ ಮೊಣಕೈ ನೆಟ್ಟಗಿರಬೇಕಾದ್ದರಿಂದ ಅದರ ಯಂತ್ರಶಾಸ್ತ್ರವೇ ಬೇರೆ. ಎಳೆಯ ವೇಗದ ಬೌಲರ್‌ಗಳಲ್ಲಿ ಸೊಂಟದ ಬಳಿಯ ಬೆನ್ನೆಲುಬು ಹೆಚ್ಚು ನರಳುತ್ತದೆ. ಆದರೆ ಭುಜವೂ ಪಾರಾಗುವುದಿಲ್ಲ. ನಮ್ಮ ಮೈಸೂರಿನ ಜಾವಗಲ್ ಶ್ರೀನಾಥ್ 1997ರಲ್ಲಿ ಭುಜದ ಶಸ್ತ್ರಚಿಕಿತ್ಸೆಯಾಗಿ ತಿಂಗಳುಗಟ್ಟಲೆ ಆಟ ಬಿಟ್ಟಿದ್ದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ನೆಟ್ಸ್‌ನಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಬೆವರು ಸುರಿಸುತ್ತ ಬೌಲ್ ಮಾಡುತ್ತಿದ್ದ. ಅವನ ತಂದೆ ಬೇಲಿಯಾಚೆ ನಿಂತು ಹೆಮ್ಮೆಯಿಂದ ನೋಡುತ್ತಿದ್ದರು.

"ಇವತ್ತು ಎಷ್ಟು ಬಾಲ್ ಹಾಕ್ದೆ ಮರಿ?" ಎಂದು ಕೇಳಿದೆ.

ಹುಡುಗ ತಂದೆಯ ಮುಖ ನೋಡಿದ. ತಂದೆ ನನ್ನ ಮುಖ ನೋಡಿದರು. "ಯಾರು ಸಾರ್ ಎಣಿಸ್ತಾರೆ?" ಎಂದರು.

ನಾನು ಜೇಬಿನಿಂದ ಪೆನ್ಸಿಲು, ಚೀಟಿ ತೆಗೆದು ಅವರ ಕೈಗೆ ಕೊಟ್ಟೆ.